ಕ್ವೇಸಾರ್ ರೋಹಿತದರ್ಶಕ: ಬಳಕೆದಾರರ ಕೈಪಿಡಿ

ಮೊದಲ ಬಳಕೆಗೆ ಮುನ್ನ ಪೂರ್ತಿ ಓದಿ. ಮಳೆಗಾಲದಲ್ಲಿ ಓದಿದರೆ ಇನ್ನೂ ಒಳ್ಳೆಯದು. ಆಗ ನಿಮಗೆ ಬೇರೆ ಕೆಲಸವಿರುವುದಿಲ್ಲ.

ಪೆಟ್ಟಿಗೆಯಲ್ಲಿರುವುದು: ಬೆಳಕು ನುಸುಳಲು ಒಂದು ಸೀಳು, ಅದನ್ನು ಬಣ್ಣಬಣ್ಣವಾಗಿ ಬಿಡಿಸುವ ಗ್ರೇಟಿಂಗ್, ಸಿಸಿಡಿ ಕ್ಯಾಮೆರಾ, ತರಂಗಾಂತರ ಅಳೆಯಲು ನಿಯಾನ್ ದೀಪ. ದೂರದರ್ಶಕ ಪ್ರತ್ಯೇಕ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕ ಸಿಕ್ಕರೆ ನಿಮ್ಮ ಪುಣ್ಯ. 4,500 ಮೀಟರ್ ಎತ್ತರದ ಅದನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸಬಹುದು. ಸ್ವೆಟರಿನ ಖರ್ಚು ಉಳಿತಾಯ.

ಹಂತ 1: ಗುರಿ ಹಿಡಿಯಿರಿ. ಕನ್ಯಾ ರಾಶಿಯ 3ಸಿ 273 ಹೊಸಬರಿಗೆ ಸೂಕ್ತ. ನೋಡಲು ಮಾಮೂಲಿ ನಕ್ಷತ್ರ, ನಂಬಬೇಡಿ. ಅದೊಂದು ಕ್ವೇಸಾರ್: ಗ್ಯಾಲಕ್ಸಿಯೊಂದರ ನಟ್ಟನಡುವಿನ ಕಪ್ಪುಕುಳಿಗೆ ಬೀಳುತ್ತಿರುವ ಅನಿಲದ ಪ್ರಭೆ. ಬೆಳಕು ಹೊರಟು ಸುಮಾರು 200 ಕೋಟಿ ವರ್ಷವಾಗಿದೆ. ನೀವು ಶಟರ್ ತೆರೆಯುವುದು ಐದು ನಿಮಿಷ ತಡವಾದರೆ ಗಾಬರಿ ಬೇಡ.

ಹಂತ 2: ಆಕಾಶವನ್ನು ಕಳೆಯಿರಿ. ನಮ್ಮ ವಾತಾವರಣದ ಆಮ್ಲಜನಕ ರಾತ್ರಿಯಿಡೀ 557.7 ನ್ಯಾನೋಮೀಟರಿನಲ್ಲಿ ಹಸಿರಾಗಿ ಮಿನುಗುತ್ತಿರುತ್ತದೆ. ಪಕ್ಕದ ಖಾಲಿ ಆಕಾಶದ ರೋಹಿತ ತೆಗೆದು ಕಳೆದುಬಿಡಿ.

ಹಂತ 3: ದಿಬ್ಬಗಳ ಗುರುತು ಹಚ್ಚಿ. ರೋಹಿತದಲ್ಲಿ 475, 503, 563 ನ್ಯಾನೋಮೀಟರಿನ ಬಳಿ ದಿಬ್ಬಗಳು ಕಾಣುತ್ತವೆ. ಯಾವ ಧಾತುವಿನ ಪಟ್ಟಿಗೂ ಹೊಂದುವುದಿಲ್ಲ. ಕೈಪಿಡಿ ಹರಿಯಬೇಡಿ. ಪಲೋಮಾರ್‌ನ 200 ಅಂಗುಲದ ದೂರದರ್ಶಕದಲ್ಲಿ ಇದೇ ರೋಹಿತ ತೆಗೆದ ಖಗೋಳವಿಜ್ಞಾನಿ ಮಾರ್ಟೆನ್ ಶ್ಮಿಟ್ ಅವರಿಗೂ ಅದು ವಾರಗಟ್ಟಲೆ ಬಗೆಹರಿದಿರಲಿಲ್ಲ. 1963ರ ಫೆಬ್ರುವರಿಯಲ್ಲಿ ಹೊಳೆಯಿತು: ಇವು ಜಲಜನಕದ 410, 434, 486ರ ರೇಖೆಗಳೇ, ಬ್ರಹ್ಮಾಂಡ ಹಿಗ್ಗಿದ್ದರಿಂದ ಒಂದೊಂದೂ 1.158 ಪಟ್ಟು ಕೆಂಪಿನತ್ತ ಸರಿದಿವೆ. ಜಾಗ ಬದಲಾದರೂ ರೇಖೆಗಳ ನಡುವಿನ ಅನುಪಾತ ಬದಲಾಗುವುದಿಲ್ಲ. ಗುರುತು ಸಿಗುವುದು ಅದರಿಂದ.

ಎಚ್ಚರಿಕೆ: 563ರಲ್ಲಿ ಒಂದೇ ದಿಬ್ಬ ಕಂಡರೆ ಪತ್ರಿಕಾಗೋಷ್ಠಿ ಕರೆಯಬೇಡಿ. ಅದು ಜಲಜನಕದ 486 ಆಗಿದ್ದರೆ ಬೆಳಕಿನ ಪಯಣ 200 ಕೋಟಿ ವರ್ಷ. ಮೆಗ್ನೀಸಿಯಮ್ಮಿನ 280 ಆಗಿದ್ದರೆ ಸುಮಾರು 800 ಕೋಟಿ. ಜಲಜನಕದ್ದೇ ನೇರಳಾತೀತ ರೇಖೆ 121.6 ಆಗಿದ್ದರೆ 1,200 ಕೋಟಿಗೂ ಮಿಗಿಲು. ದಿಬ್ಬ ಅದೇ, ವಿಳಾಸ ಮೂರು.

ತೊಂದರೆ ಮತ್ತು ಪರಿಹಾರ

*ದಿಬ್ಬ ಬಹಳ ಅಗಲವಾಗಿದೆ.* ಫೋಕಸ್ ಮುಟ್ಟಬೇಡಿ. ಅನಿಲ ಕಪ್ಪುಕುಳಿಯನ್ನು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ; ನಮ್ಮತ್ತ ಬರುವ ಅನಿಲ ರೇಖೆಯನ್ನು ನೀಲಿಯ ಕಡೆಗೆ, ದೂರ ಸರಿಯುವ ಅನಿಲ ಕೆಂಪಿನ ಕಡೆಗೆ ಜಗ್ಗುತ್ತದೆ. ಕಪ್ಪುಕುಳಿಯನ್ನು ತೂಗಲು ಬೇಕಾದದ್ದು ಈ ಅಗಲವೇ.

*ಸೂಜಿಯಂಥ ಗೆರೆ ಬಂದಿದೆ.* ಕಾಸ್ಮಿಕ್ ಕಿರಣ. ಇನ್ನೊಮ್ಮೆ ಚಿತ್ರ ತೆಗೆಯಿರಿ, ಆ ಜಾಗದಲ್ಲಿ ಇರುವುದಿಲ್ಲ.

*760ರ ಬಳಿ ದಿಬ್ಬದಲ್ಲಿ ಗುಂಡಿ ಬಿದ್ದಿದೆ.* ಜಲಜನಕದ 656ರ ರೇಖೆ ಸರಿದು ಸರಿದು, ನಮ್ಮ ಗಾಳಿಯ ಆಮ್ಲಜನಕ ಬೆಳಕು ಹೀರುವ ಜಾಗಕ್ಕೇ ಬಂದು ಕೂತಿದೆ. ಅಷ್ಟು ದೂರ ಸುರಕ್ಷಿತವಾಗಿ ಬಂದ ಸರಕನ್ನು ಕೊನೆಯ ಕೆಲವು ಕಿಲೋಮೀಟರಿನಲ್ಲಿ ಕದ್ದದ್ದು ನಾವು ಉಸಿರಾಡುವ ಗಾಳಿಯೇ, ಕಂಪನಿ ಹೊಣೆಯಲ್ಲ.

ದೂರು ಸಲ್ಲಿಕೆ: ದೂರ ತಪ್ಪಿದೆ ಎನ್ನುವವರು ಕನಿಷ್ಠ ಎರಡು ರೇಖೆಗಳನ್ನು ಲಗತ್ತಿಸಬೇಕು. ಒಂದೇ ರೇಖೆಯ ಅರ್ಜಿಗಳನ್ನು ತೆರೆಯದೆ ಹಿಂತಿರುಗಿಸಲಾಗುವುದು.