ಅಂದಾಜು ಕಾಕಾ

ಕುಕನೂರು ಕಡೆ ಮದುವೆ ಗಟ್ಟಿಯಾದರೆ ಮುಹೂರ್ತವನ್ನು ಅಯ್ಯನವರ ಹತ್ತಿರ ಕೇಳುತ್ತಾರೆ, ಅಕ್ಕಿಯನ್ನು ಅಂದಾಜು ಕಾಕಾರ ಹತ್ತಿರ ಕೇಳುತ್ತಾರೆ. ಮುಹೂರ್ತ ಹತ್ತು ನಿಮಿಷ ಹಿಂದುಮುಂದಾದರೆ ನಡೆಯುತ್ತದೆ. ಅಕ್ಕಿ ಹಿಂದುಮುಂದಾದರೆ ಬೀಗರು ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಇಂಥ ಕಾಕಾ ಒಬ್ಬರಲ್ಲ. ಯಲಬುರ್ಗಾಕ್ಕೆ ಒಬ್ಬರು, ಕುಷ್ಟಗಿಗೆ ಒಬ್ಬರು ಇದ್ದೇ ಇರುತ್ತಾರೆ. ಬಿಳಿ ಧೋತರ, ಹೆಗಲ ಮೇಲೊಂದು ಟವೆಲ್ಲು, ಅಂಗಿಯ ಕಿಸೆಯಲ್ಲಿ ಯಾರದೋ ಲಗ್ನಪತ್ರಿಕೆ, ಅದರ ಬೆನ್ನ ಮೇಲೆ ಪೆನ್ಸಿಲ್ಲಿನ ಲೆಕ್ಕ. ಕಾಕಾರ ಮೊದಲ ಪ್ರಶ್ನೆ ವರನ ಬಗ್ಗೆ ಅಲ್ಲ, ವರದಕ್ಷಿಣೆಯ ಬಗ್ಗೆಯಂತೂ ಅಲ್ಲವೇ ಅಲ್ಲ. "ಕಾರ್ಡು ಎಷ್ಟು ಹೊಡಿಸೀರಿ?"

"ಸಾವಿರ, ಕಾಕಾ."

"ಇನ್ನೂರು ಅಟ್ಟದ ಮ್ಯಾಲೆ ಉಳಿತಾವು. ಅವತ್ತ ಊರಾಗ ಬ್ಯಾರೆ ಮದುವಿ ಎಷ್ಟು ಅದಾವು? ಕಡ್ಲಿ ರಾಶಿ ಮುಗದಿರತೈತೋ ಇಲ್ಲೋ? ಬಸ್ಸು ಎಷ್ಟಕ್ಕ ಐತಿ?"

ಹಿಂದೆ ಒಂದು ಕಾರ್ಡಿಗೆ ಒಂದೂವರೆ ಮಂದಿ ಅಂತ ಸೂತ್ರ ಇಟ್ಟುಕೊಂಡಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದದ್ದೇ ತಡ, ಕಾಕಾರ ಇಷ್ಟು ವರ್ಷದ ಗಣಿತ ಕುಸಿದುಬಿತ್ತು. ಗಂಡ ಮನೆಯಲ್ಲಿ ಉಳಿದ. ಹೆಂಡತಿ, ನಾದಿನಿ, ಅತ್ತೆ, ಪಕ್ಕದ ಮನೆಯ ಚಿಗವ್ವ ಎಲ್ಲರೂ ಆಧಾರ್ ಕಾರ್ಡ್ ಹಿಡಿದು ಹೊರಟರು. ಒಂದು ಸೀಸನ್ ಪೂರ್ತಿ ತಿಣುಕಿ, ಈಗ ಬಸ್ ರೂಟಿನ ಊರಿಗೆ ಮೂರು, ಬಸ್ಸಿಲ್ಲದ ಊರಿಗೆ ಒಂದು ಅಂತ ತಿದ್ದುಪಡಿ ತಂದಿದ್ದಾರೆ. ಶಾಸಕರು ಬರುತ್ತಾರೆಂದರೆ ನಲವತ್ತು ಊಟ ಕೂಡಿಸುತ್ತಾರೆ. ಮಾಜಿ ಶಾಸಕರಿಗೆ ಅರವತ್ತು. ಯಾಕೆಂದರೆ ಮಾಜಿಗಳ ಹಿಂದೆ ತಿರುಗುವ ಹುಡುಗರಿಗೆ ಹಸಿವು ಜಾಸ್ತಿ.

ಮದುವೆಯ ದಿನ ಕಾಕಾರ ಆಸನ ವೇದಿಕೆಯ ಹತ್ತಿರ ಅಲ್ಲ, ಕೊಪ್ಪರಿಗೆಯ ಹತ್ತಿರ. ಎಲ್ಲರೂ ಅಕ್ಕಿಕಾಳು ಒಗೆಯುವಾಗ ಅವರ ಬಾಯಿ ಪಿಟಿಪಿಟಿ ಅನ್ನುತ್ತಿರುತ್ತದೆ. ಮಂತ್ರ ಹೇಳುತ್ತಿದ್ದಾರೆ ಅಂತ ಹೊಸಬರು ಕೈ ಮುಗಿಯುತ್ತಾರೆ. ಅವರು ಎಣಿಸುತ್ತಿರುತ್ತಾರೆ, ಅಷ್ಟೆ. ಯಾರಾದರೂ ಹಿಡಿಗಟ್ಟಲೆ ಅಕ್ಕಿ ತೂರಿದರೆ ಕೈ ಹಿಡಿದೇ ಬಿಡುತ್ತಾರೆ: "ನಾಕು ಕಾಳು ಸಾಕಪಾ. ಆಶೀರ್ವಾದ ಕೇಜಿ ಲೆಕ್ಕದಾಗ ಹತ್ತೋದಿಲ್ಲ."

ಅಡುಗೆ ಕಂಟ್ರಾಕ್ಟರು ಒಂದೇ ಸಲಕ್ಕೆ ಎಲ್ಲ ಅಕ್ಕಿ ಬೇಯಿಸಿ, ಕೈ ತೊಳೆದುಕೊಂಡು, ಎಲೆ ಅಡಿಕೆ ಹಾಕಿಕೊಳ್ಳುವ ಆಸಾಮಿ. ಕಾಕಾ ಬಿಡುವುದಿಲ್ಲ. "ಮೊದಲ ಅರ್ಧ ಮಾಡು. ಉಳಿದದ್ದಕ್ಕ ಎಸರು ಕಾಯಲಿ, ಅಕ್ಕಿ ತೊಳದು ಇಡು, ನಾ ಹೇಳೋತನಕ ಹಾಕಬ್ಯಾಡ." ರೊಟ್ಟಿ, ಹೋಳಿಗೆ ಇದ್ದ ಊಟದಲ್ಲಿ ಒಂದು ಕ್ವಿಂಟಲ್ ಅಕ್ಕಿಗೆ ಸಾವಿರದ ಮೇಲೆ ಮಂದಿ ಉಣ್ಣಬೇಕು, ಇದು ಅವರ ಕಾನೂನು. ಒಡೆಯದ ಚೀಲ ಅಂಗಡಿಗೆ ವಾಪಸ್ಸು ಹೋಗಬೇಕು ಅಂತ ಕಿರಾಣಿ ಅಂಗಡಿಯವರ ಹತ್ತಿರ ಮೊದಲೇ ಮಾತಾಗಿರುತ್ತದೆ. ಇಷ್ಟಾದ ಮೇಲೆ ಒಬ್ಬ ಹುಡುಗನನ್ನು ಪೆಂಡಾಲಿನ ಬಾಗಿಲಿಗೆ ಕಳಿಸುತ್ತಾರೆ, ಚಪ್ಪಲಿ ಎಣಿಸಲು! ಬಂದ ಸಂಖ್ಯೆಯನ್ನು ಎರಡರಿಂದ ಭಾಗಿಸಬೇಕು, ಆಗಲೇ ಕಳುವಾದವನ್ನು ಕೂಡಿಸಬೇಕು. ಆ ಉತ್ತರ ಬಂದ ಮೇಲೆಯೇ ಎರಡನೇ ಕೊಪ್ಪರಿಗೆಗೆ ಅಕ್ಕಿ ಬೀಳುವುದು.

ಕಾಕಾರ ಪರಮ ವೈರಿ ಅಂದರೆ ಹುಡುಗಿಯ ಸೋದರಮಾವ. ಬೀಗರ ಪಂಗ್ತಿಯಲ್ಲಿ ಹೋಳಿಗೆ ಬುಟ್ಟಿ ಹಿಡಿದು, "ನಮ್ಮ ಮ್ಯಾಲೆ ಸಿಟ್ಟೇನ್ರಿ? ಇನ್ನೊಂದು ಹಾಕಸ್ಕೋರಿ" ಅಂತ ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಹೋಳಿಗೆ ತುರುಕುವ ಕಲೆ ಅವನಿಗೆ ಸಿದ್ಧಿಸಿದೆ. ಮದುವೆ ಮನೆಯಲ್ಲಿ ಹಾಳಾಗುವ ಅನ್ನದಲ್ಲಿ ಅರ್ಧ ಈ ಪ್ರೀತಿಯಿಂದಲೇ ಹಾಳಾಗುವುದು ಅಂತ ಕಾಕಾರ ಅಭಿಪ್ರಾಯ. ನನ್ನದೂ ಅದೇ. ಉಳಿದರ್ಧ ಯಜಮಾನರ ಭಯದಿಂದ. ಉಳಿದರೆ ಯಾರೂ ಬೈಯುವುದಿಲ್ಲ, ಕಡಿಮೆ ಬಿದ್ದರೆ ಮಾನ ಹೋಗುತ್ತದಲ್ಲ!

ಮೊಮ್ಮಗ ಒಮ್ಮೆ ಮೊಬೈಲಿನಲ್ಲಿ ವಿಶ್ವಸಂಸ್ಥೆಯ 2024ರ ವರದಿ ಓದಿ ಹೇಳಿದ: "ಅಜ್ಜಾ, 2022ನೇ ಇಸವಿ ಒಂದರೊಳಗ ಜಗತ್ತಿನ್ಯಾಗ 105 ಕೋಟಿ ಟನ್ ಆಹಾರ ಕೆಟ್ಟೈತಂತ. ಉಪಾಸ ಇದ್ದೋರು 78 ಕೋಟಿ ಮಂದಿ." ಕಾಕಾ ಕೇಳಿದ್ದು ಒಂದೇ ಮಾತು: "ಅದರಾಗ ನಮ್ಮೂರ್ದು ಎಷ್ಟು ಬರದಾರ?" ಬೆಂಗಳೂರಿನ ಸುದ್ದಿ ಮಾತ್ರ ಅವರಿಗೆ ಹಿಡಿಸಿತು. 2012ರಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಪ್ರೊಫೆಸರುಗಳು 75 ಕಲ್ಯಾಣ ಮಂಟಪ ಸುತ್ತಿ, ಆ ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ಕಾಕಾ ನೆಟ್ಟಗೆ ಕುಳಿತರು. "950 ಅನ್ನಲಿಲ್ಲ ನೋಡು, 943 ಅಂದ್ರು. ಅವರು ನಮ್ಮ ಪೈಕಿ ಮಂದಿ." ಜಗತ್ತು ಕೆಟ್ಟಿತಲ್ಲ ಅನ್ನುವ ದುಃಖಕ್ಕಿಂತ, ತನ್ನಂಥವರು ಪ್ರೊಫೆಸರಾಗಿದ್ದಾರಲ್ಲ ಅನ್ನುವ ಸಂತೋಷವೇ ದೊಡ್ಡದಾಯಿತು.

ಅವರ ಮಟ್ಟಿಗೆ ಆದರ್ಶ ಕಾರ್ಯಕ್ರಮ ಅಂದರೆ ಕೊಪ್ಪಳದ ಗವಿಮಠದ ಜಾತ್ರೆ. ಅಲ್ಲಿಯ ಮಹಾದಾಸೋಹಕ್ಕೆ ಊರೂರಿನ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು ಬುಟ್ಟಿ ತುಂಬುತ್ತಾರೆ, ಟ್ರ್ಯಾಕ್ಟರುಗಳಲ್ಲಿ, ಎತ್ತಿನ ಬಂಡಿಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಮಠಕ್ಕೆ ಬರುತ್ತವೆ. ತೇರು ಎಳೆದ ಮೇಲೂ ದಿನಗಟ್ಟಲೆ ಪ್ರಸಾದ ನಡೆಯುತ್ತದೆ. ಕಾಕಾ ಇದರ ಗುಟ್ಟನ್ನು ಹೀಗೆ ಬಿಡಿಸುತ್ತಾರೆ: "ಕಟಕ್ ರೊಟ್ಟಿ ತಿಂಗಳಾದರೂ ಕೆಡೋದಿಲ್ಲ. ಮಾದಲಿ ವಾರ ಇರತೈತಿ. ಶೇಂಗಾ ಚಟ್ನಿ ಅದಕ್ಕೂ ಹೆಚ್ಚು. ಉಳಿದ್ರ ನಾಳೆ ಉಣ್ಣು. ನಿನ್ನ ಗೋಬಿ ಮಂಚೂರಿ ಸಂಜಿಕ ಏನಾಗತೈತಿ, ಹೇಳು?" ಮಠದ ಪಂಗ್ತಿಯಲ್ಲಿ ಕಾಕಾ ಉಂಡು ಎದ್ದ ತಟ್ಟೆ ನೋಡಬೇಕು. ಕೊನೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಪ್ರಸಾದ ಬಿಡಬಾರದು ಅಂತ ಲಿಂಗಾಯತ ಮನೆಗಳ ಹಿರಿಯರು ಮಾಡುತ್ತ ಬಂದದ್ದು. ತೊಳೆಯುವ ಹುಡುಗ ಆ ತಟ್ಟೆಯನ್ನು ಎರಡು ಸಲ ತಿರುಗಿಸಿ ನೋಡಿ, ಉಂಡದ್ದೋ ಉಣ್ಣದ್ದೋ ತಿಳಿಯದೆ, ಅನುಮಾನದಿಂದ ಬಕೆಟ್ಟಿಗೆ ಹಾಕುತ್ತಾನೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದರೆ ಎಪ್ಪತ್ತೆರಡರ ಬರ ಹೇಳುತ್ತಾರೆ. ಗಂಜಿ ಕೇಂದ್ರದ ಸಾಲಿನಲ್ಲಿ ವಾಟಗ ಹಿಡಿದು ನಿಂತಾಗ, ತಮ್ಮ ಪಾಳಿ ಬರುವಷ್ಟರಲ್ಲಿ ಹಂಡೆ ಬರಿದಾಯಿತಂತೆ. ಮುಂದೆ ಇಬ್ಬರಿದ್ದರು ಅಂತ ಒಮ್ಮೆ ಹೇಳುತ್ತಾರೆ, ಹತ್ತು ಮಂದಿ ಇದ್ದರು ಅಂತ ಇನ್ನೊಮ್ಮೆ. ಈ ಒಂದು ಅಂದಾಜು ಮಾತ್ರ ಪ್ರತಿ ಸಲ ಬದಲಾಗುತ್ತದೆ.

ಉಳಿದ ಊಟಕ್ಕೂ ಅವರದೊಂದು ಪದ್ಧತಿ: "ಎಂಜಲಾದದ್ದು ಎಮ್ಮಿಗೆ, ಆಗದ್ದು ಮಂದಿಗೆ." ಹಾಸ್ಟೆಲ್ಲಿನ ಅಡುಗೆಯವರಿಗೆ ಫೋನು ಹೋಗುವುದು ಮಧ್ಯಾಹ್ನ ಮೂರಕ್ಕಲ್ಲ, ಮುಂಜಾನೆ ಹತ್ತಕ್ಕೆ. "ನಾವು ಉಳದದ್ದು ಕಳಿಸಿದ್ರ ಅವರು ಮಾಡಿದ್ದು ಉಳೀತೈತಿ. ಕೇಡು ಊರು ಬದಲಿಸಿತು, ಅಷ್ಟ." ಅನ್ನ ಸಾರು ಬಿಸಿ ಇದ್ದಾಗಲೇ ಹತ್ತಿರದ ಕೂಲಿಯವರ ಶೆಡ್ಡಿಗೆ, ರೊಟ್ಟಿ ಹೋಳಿಗೆ ಹಾಸ್ಟೆಲ್ಲಿಗೆ. ಹೆಚ್ಚುವರಿ ಆಹಾರ ಹಂಚುವುದಕ್ಕೆ 2019ರಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದ್ದು ಕಾಕಾರಿಗೆ ಗೊತ್ತಿಲ್ಲ. ಕೊಡುವ ಮೊದಲು ಮೂಸಿ ನೋಡಿ, ತಾವೇ ಒಂದು ತುತ್ತು ಉಣ್ಣುತ್ತಾರೆ. ಐದು ಕಡೆ ಕಳಿಸಿದ ದಿನ ರಾತ್ರಿ ಅವರಿಗೆ ಊಟ ಸೇರುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಬ್ಬ ಸಾಹುಕಾರರ ಮಗಳ ಮದುವೆಗೆ ಹುಬ್ಬಳ್ಳಿಯಿಂದ ಈವೆಂಟಿನ ಹುಡುಗ ಬಂದ. ಬಾಗಿಲಲ್ಲೇ "ಪರಿಸರಸ್ನೇಹಿ ಮದುವೆ" ಅಂತ ಎರಡಾಳೆತ್ತರದ ಫ್ಲೆಕ್ಸು. ಒಳಗೆ ಬಫೆ, ಮೂರು ಬಗೆ ಅನ್ನ, ನಾಲ್ಕು ಬಗೆ ಸಿಹಿ, ಕೈಗೊಂದು ಗೇಣುದ್ದದ ನೀರಿನ ಬಾಟಲಿ. ಕಾಕಾರಿಗೆ ಅಡುಗೆಮನೆ ಪ್ರವೇಶ ಇಲ್ಲವೆಂದಾಯಿತು. ಅವರು ತಟ್ಟೆ ಹಾಕುವ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು. ಒಬ್ಬ ಹೆಡ್‌ಮಾಸ್ತರು ಗಂಭೀರವಾಗಿ ಬಂದು ತಟ್ಟೆ ಇಳಿಸುವುದರಲ್ಲಿದ್ದರು. ತಟ್ಟೆಯ ಮೇಲೆ ಟಿಶ್ಯೂ ಪೇಪರು ಹಾಸಿತ್ತು. ಕಾಕಾ ಎರಡು ಬೆರಳಲ್ಲಿ ಅದನ್ನು ಎತ್ತಿದರು. ಕೆಳಗೆ ಇಡೀ ಹೋಳಿಗೆ, ಒಂದು ಅಂಚೂ ಮುರಿದಿಲ್ಲ.

"ಸರ, ಹೋಳಿಗಿಗೆ ಥಂಡಿ ಹತ್ತಿತ್ತೇನ್ರಿ, ಹೊಚ್ಚೀರಲ್ಲ?"

ಹೆಡ್‌ಮಾಸ್ತರು ಅಲ್ಲೇ ನಿಂತು ಹೋಳಿಗೆ ತಿಂದರು. ಹಿಂದಿನ ಸಾಲಿನವರು ತಮ್ಮ ತಟ್ಟೆ ನೋಡಿಕೊಂಡು ತಿರುಗಿ ಟೇಬಲ್ಲಿಗೆ ಹೋದರು. ಅರ್ಧ ತಾಸಿನಲ್ಲಿ ಡ್ರಮ್ಮಿನ ಕಡೆ ಬರುವವರೇ ಕಡಿಮೆಯಾದರು. ಸಾಹುಕಾರರು ಸಿಟ್ಟಾದರು ಅಂತ ಕೇಳಿದೆ. ಹುಡುಗ ಮಾತ್ರ ಜಾಣ. ಮರುದಿನವೇ ಲ್ಯಾಪ್‌ಟಾಪ್ ಹಿಡಿದು ಕಾಕಾರ ಕಟ್ಟೆಗೆ ಬಂದು, ಒಂದೊಂದನ್ನೇ ಎಕ್ಸೆಲ್ಲಿಗೆ ಇಳಿಸಿಕೊಂಡ: ಕಾರ್ಡು, ರಾಶಿ, ಬಸ್ಸು, ಮಾಜಿ ಶಾಸಕರು. ಚಪ್ಪಲಿಗೂ ಒಂದು ಕಾಲಂ ಮಾಡಿದ.

"ಕಾಕಾ, ಒಂದು ತೊಡಕು. ಬೆಂಗಳೂರಿನ ಗೆಸ್ಟುಗಳು ಚಪ್ಪಲಿ ಬಿಡೋದಿಲ್ಲ, ಬೂಟು ಹಾಕ್ಕೊಂಡ ಒಳಗ ಬರ್ತಾರ. ಅವರನ್ನ ಹೆಂಗ ಎಣಸೋದು?"

"ಅವರು ಡಯಟ್ಟು ಅಂತ ಉಣ್ಣೋದೂ ಇಲ್ಲೋ ತಮ್ಮಾ. ಲೆಕ್ಕಕ್ಕ ಹಿಡೀಬ್ಯಾಡ."