ಏರಿಗೊಂದು, ನೀರಿಗೊಂದು

ನನ್ನ ಸೈಕಲ್ಲಿಗೆ ಬ್ರೇಕು ಹಿಡಿಯದೇ ಹೋದದ್ದಕ್ಕೆ ಮೂಲ ಕಾರಣ ಮಾರಿಕಣಿವೆ ಅಣೆಕಟ್ಟು ತುಂಬಿದ್ದು. ಹೀಗೆಂದರೆ ಮನೆಯಲ್ಲಿ ನಗುತ್ತಾರೆ. ನಗಲಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಈ ವಾಣಿವಿಲಾಸ ಸಾಗರ 89 ವರ್ಷ ಸುಮ್ಮನಿದ್ದು, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬೀಳದೇ ಇದ್ದಿದ್ದರೆ, ಚಿತ್ರದುರ್ಗದ ಅರ್ಧ ಊರಿನ ಜೊತೆ ನಾನೂ ಹಿರಿಯೂರಿನ ಕಡೆ ಓಡುತ್ತಿರಲಿಲ್ಲ. ಕಾರು ನಿಲ್ಲಿಸಲು ಜಾಗ ಸಿಗದೆ ಎಲ್ಲೋ ಬಿಟ್ಟು, ಬೆವರು ಒರೆಸಿಕೊಳ್ಳುತ್ತಾ ನಡೆಯುತ್ತಿರುವಾಗ, ಹೆಬ್ಬೆರಳು ದಪ್ಪದ ಟೈರಿನ ಸೈಕಲ್ಲುಗಳಲ್ಲಿ ನಾಲ್ಕು ಹುಡುಗರು ಜನಜಾತ್ರೆಯ ಮಧ್ಯೆ ಮೀನಿನ ಹಾಗೆ ಜಾರಿಕೊಂಡು ಹೋದದ್ದನ್ನು ನೋಡುತ್ತಲೂ ಇರಲಿಲ್ಲ. ಎಲ್ಲರೂ ವೇದಾವತಿ ನೀರು ನೋಡಿ ಬಂದರು. ನಾನು ಸೈಕಲ್ಲು ನೋಡಿ ಬಂದೆ.

ತಿಂಗಳೊಳಗೆ ಬೆಂಗಳೂರಿನಿಂದ ಒಂದು ಸೆಕೆಂಡ್‌ಹ್ಯಾಂಡ್ ರೋಡ್ ಬೈಕು ಮನೆಗೆ ಬಂತು. ಬೆಲೆ ಎಷ್ಟೆಂದು ಹೆಂಡತಿಗೆ ಹೇಳಿದ್ದೊಂದು, ಕೊಟ್ಟದ್ದೊಂದು. ಇಲ್ಲಿ ಬರೆದರೆ ಅವಳು ಓದುತ್ತಾಳೆ.

ಅದರ ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಗೆ ಸುತ್ತಿಕೊಂಡಿತ್ತು. ಅದನ್ನು ಹಿಡಿಯಬೇಕಾದರೆ ನನ್ನ ಐವತ್ಮೂರು ವರ್ಷದ ಸೊಂಟ ಸಾಷ್ಟಾಂಗಕ್ಕೆ ಅಣಿಯಾಗಬೇಕು. ಮೂರು ದಿನ ಅಣಿಯಾಯಿತು, ನಾಲ್ಕನೇ ದಿನ ಎದ್ದೇಳಲಿಲ್ಲ. ಸರಿ, ಕೊಂಬು ಕಿತ್ತು ನೆಟ್ಟಗಿನ ಹ್ಯಾಂಡಲ್ಲು ಹಾಕಿಸೋಣ ಎಂದುಕೊಂಡೆ. ಕೊಂಬು ಹೋದರೆ ಅದಕ್ಕೆ ಕಚ್ಚಿಕೊಂಡ ಬ್ರೇಕ್ ಲಿವರುಗಳೂ ಹೋಗುತ್ತವೆ. ಹೊಸ ಲಿವರಿಗೆ ದುಡ್ಡು ಕೊಡುವುದೇಕೆ? ಹೊಸದುರ್ಗದ ಮಾವನ ಮನೆಯ ಅಟ್ಟದ ಮೇಲೆ ಭಾಮೈದನ ಮಗನ ಹಳೇ ಗೇರ್ ಸೈಕಲ್ಲು ಬಿದ್ದಿತ್ತಲ್ಲ! ಅದರ ಲಿವರು ಬಿಚ್ಚಿಕೊಂಡು ಬಂದೆ. ಹೀಗೆ ಜಪಾನಿನ ಕ್ಯಾಲಿಪರಿಗೆ ತೈವಾನಿನ ಲಿವರು, ಲೂಧಿಯಾನದ ರಬ್ಬರು, ಯಾರದೆಂದು ದೇವರಿಗೇ ಗೊತ್ತಿರುವ ಕೇಬಲ್ಲು ಸೇರಿ ಸಂಸಾರ ಶುರುವಾಯಿತು.

ಅಂಗಡಿಯ ಹುಡುಗ ಎಲ್ಲ ಕೂಡಿಸಿ ಲಿವರು ಹಿಸುಕಿ ನೋಡಿದ. ಅವನ ಮುಖ ಅರಳಿತು. “ಕಲ್ಲು ಸಾರ್, ಕಲ್ಲು!” ಅಂದ. ನಾನೂ ಹಿಸುಕಿದೆ. ನಿಜ, ಕೋಟೆಯ ಬಂಡೆಯಷ್ಟೇ ಗಟ್ಟಿ. ಒಂದಿಷ್ಟು ಒತ್ತುವುದರೊಳಗೆ ನಿಂತುಬಿಡುತ್ತಿತ್ತು. ಇಬ್ಬರೂ ಸರದಿಯಲ್ಲಿ ಐದಾರು ಸಲ ಹಿಸುಕಿ ಸಂತೋಷಪಟ್ಟೆವು. ಪಕ್ಕದ ಅಂಗಡಿಯವರೂ ಬಂದು ಹಿಸುಕಿ, “ಇದು ಬ್ರೇಕು ಅಂದ್ರೆ” ಎಂದು ಸರ್ಟಿಫಿಕೇಟು ಕೊಟ್ಟರು.

ಆ ಗಟ್ಟಿತನವೇ ರೋಗ ಎಂದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಗೇರ್ ಸೈಕಲ್ಲಿನ ವಿ-ಬ್ರೇಕಿಗೆ ಎರಡು ಉದ್ದನೆಯ ತೋಳು. ಅವು ರಿಮ್ಮು ಮುಟ್ಟಬೇಕಾದರೆ ಕೇಬಲ್ಲನ್ನು ಉದ್ದಕ್ಕೆ ಎಳೆಯಬೇಕು, ಆದರೆ ಹಗುರವಾಗಿ ಎಳೆದರೂ ಸಾಕು. ರೋಡ್ ಬೈಕಿನ ಕ್ಯಾಲಿಪರು ಏಡಿಯ ಕೊಂಡಿ ಇದ್ದ ಹಾಗೆ. ಅದಕ್ಕೆ ಹೆಚ್ಚೂಕಡಿಮೆ ಅರ್ಧ ಎಳೆತ ಸಾಕು, ಬಲ ಮಾತ್ರ ದುಪ್ಪಟ್ಟು ಬೇಕು. ಹಾರೆಯಲ್ಲಿ ಬಂಡೆ ಎಬ್ಬಿಸಿದವರಿಗೆ ಇದು ಗೊತ್ತು. ಆನಿಕೆ ಕಲ್ಲು ಬಂಡೆಗೆ ಹತ್ತಿರ ಇರಬೇಕು. ನಮ್ಮ ಕೈಗೆ ಹತ್ತಿರ ಇಟ್ಟರೆ ಬಂಡೆ ಅಲುಗುವುದಿಲ್ಲ, ನಾವೇ ಅಲುಗುತ್ತೇವೆ. ನಾನು ಕ್ಯಾಲಿಪರಿಗೆ ವಿ-ಬ್ರೇಕಿನ ಲಿವರು ಹಾಕಿ, ಆನಿಕೆಯನ್ನು ಕೈ ಪಕ್ಕ ಇಟ್ಟುಕೊಂಡು “ಏನು ಗಟ್ಟಿ, ಏನು ಗಟ್ಟಿ” ಎಂದು ಕುಣಿದಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನನ್ನವು ಎರಡೂ ಜಗ್ಗುತ್ತಿದ್ದವು, ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

ಊರೊಳಗೆ ಇದು ಗೊತ್ತಾಗಲಿಲ್ಲ. ದುರ್ಗದ ಬೀದಿಗಳಲ್ಲಿ ಹಸುವೋ ಆಟೋವೋ ಅಡ್ಡ ಬಂದು ಬ್ರೇಕಿಗೆ ಮೊದಲೇ ನಿಲ್ಲಿಸುತ್ತವೆ. ಗೊತ್ತಾಗಿದ್ದು ಜೋಗಿಮಟ್ಟಿ ಬೆಟ್ಟದಲ್ಲಿ. ಹತ್ತಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುಪಾಲು ಸೈಕಲ್ಲೇ ನನ್ನನ್ನು ಊರುಗೋಲಾಗಿ ಹತ್ತಿಸಿತು. ಮೇಲೆ ನಿಂತು ಗಾಳಿಯಂತ್ರಗಳನ್ನು ನೋಡಿ, ಫೋಟೋ ತೆಗೆದು, ಗುಂಪಿಗೆ ಹಾಕಿ, ಇಳಿಯಲು ಹೊರಟೆ.

ಮೊದಲ ತಿರುವಿನಲ್ಲಿ ಹಿಸುಕಿದೆ. ಕಲ್ಲು. ಎರಡನೆಯದರಲ್ಲಿ ಇನ್ನೂ ಹಿಸುಕಿದೆ. ಇನ್ನೂ ಕಲ್ಲು. ಸೈಕಲ್ಲು ಮಾತ್ರ ಏನೂ ಕೇಳಿಸದವರ ಹಾಗೆ ಹೋಗುತ್ತಲೇ ಇತ್ತು. ಅಂಗೈ ಬೆಳ್ಳಗಾಯಿತು. ಆಗ ಕೆಳಗಿನ ನೇರ ದಾರಿಯಲ್ಲಿ, ಮಂಕಿ ಕ್ಯಾಪು, ಕೈಯಲ್ಲಿ ಕೋಲು, ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು ವಾಕಿಂಗ್ ಬರುತ್ತಿರುವುದು ಕಾಣಿಸಿತು. ಅವರೂ ನನ್ನನ್ನು ಕಂಡರು. ಕಂಡು, ಕೋಲೆತ್ತಿ, ರಸ್ತೆ ಪಕ್ಕಕ್ಕೆ ಸರಿದು, ಮಾತಿಗೆ ನಿಂತರು.

ನಮ್ಮ ಕಡೆ ಹಿರಿಯರು ಮಾತಿಗೆ ನಿಂತರೆ ನಾವೂ ನಿಲ್ಲಬೇಕು. ಕಾರಿನಲ್ಲಿದ್ದರೆ ಗಾಜು ಇಳಿಸಬೇಕು, ಬೈಕಿನಲ್ಲಿದ್ದರೆ ಕಾಲು ಊರಬೇಕು. ನಾನು ಎರಡೂ ಲಿವರುಗಳನ್ನು ಜೀವ ಬಿಟ್ಟು ಹಿಸುಕುತ್ತಾ ಅವರತ್ತ ಬಂದೆ. ಮುಖದಲ್ಲಿ ನಗು ತಂದುಕೊಂಡೆ. “ಏನಪ್ಪಾ, ಯಾವಾಗಿಂದ ಸೈಕಲ್ಲು?” ಅಂದರು. “ನಮಸ್ಕಾರ ಮೇಷ್ಟ್ರೇ” ಅಂದೆ. “ಬ್ರೇಕಿಲ್ಲ, ದೂರ ಸರೀರಿ” ಎಂದು ಕೂಗಬಹುದಿತ್ತು. ಬಾಯಿ ಬರಲಿಲ್ಲ. ನಲವತ್ತು ವರ್ಷದ ಹಿಂದೆ ಲೆಕ್ಕ ತಪ್ಪಿದಾಗ ಕೆಪ್ಪಾಳಕ್ಕೆ ಬಿಟ್ಟವರ ಮುಂದೆ ಇನ್ನೊಂದು ಲೆಕ್ಕ ತಪ್ಪಿದೆ ಎಂದು ಹೇಗೆ ಹೇಳುವುದು? ಅಷ್ಟರಲ್ಲಿ ಅವರು ಎರಡನೇ ಪ್ರಶ್ನೆ ಶುರು ಮಾಡಿದ್ದರು. “ಮಗಳಿಗೆ ಎಲ್ಲಾದ್ರೂ ಗಂಡು ನೋಡಿ...” ಎಂಬಲ್ಲಿಗೆ ನಾನು ಅವರ ಪಕ್ಕದಲ್ಲಿದ್ದೆ, “...ದೀಯಾ?” ಎಂಬುದು ಬೆನ್ನ ಹಿಂದೆ ಕೇಳಿಸಿತು. ಕತ್ತು ತಿರುಗಿಸಿ “ನೋಡ್ತಾ ಇದೀವಿ” ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಆಗಲೇ ಮುಂದಿನ ತಿರುವು ಬಂದಿತ್ತು. ತಿರುವು ತಿರುಗಿತು, ನಾನು ತಿರುಗಲಿಲ್ಲ. ಲಂಟಾನ ಪೊದೆಯಲ್ಲಿದ್ದೆ.

ಸದ್ಯ ಯಾರೂ ನೋಡಲಿಲ್ಲ. ಯಾರೂ ನೋಡಲಿಲ್ಲವಾದ್ದರಿಂದ ಊರಿನಲ್ಲಿ ಸುದ್ದಿ ಬೇರೆಯಾಯಿತು: “ಸೈಕಲ್ ತಗೊಂಡ ಮೇಲೆ ಅವನ ತಲೆ ನಿಂತಿಲ್ಲ, ಮೇಷ್ಟ್ರು ಮಾತಾಡಿಸಿದ್ರೂ ಸೊಕ್ಕಿನಿಂದ ಹೋದ.”

ಪೊದೆಯಲ್ಲಿ ಮುಳ್ಳು ಕೀಳುತ್ತಾ ಕೂತಾಗ ಅಪ್ಪನ ಸೈಕಲ್ಲು ನೆನಪಾಯಿತು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಲ್ಲಿ ಅವನದು ರಾಡ್ ಬ್ರೇಕಿನ ಕರೀ ಸೈಕಲ್ಲು. ಕೇಬಲ್ಲಿಲ್ಲ, ಬರೀ ಕಬ್ಬಿಣದ ಸರಳು. ಒಂದು ಮಳೆಯ ಸಂಜೆ ನನ್ನನ್ನು ಬಾರಿನ ಮೇಲೆ ಕೂರಿಸಿಕೊಂಡು ಕೆರೆ ಏರಿ ಇಳಿಯುತ್ತಿದ್ದ. ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕು ಹೆಸರಿಗಷ್ಟೇ. ಎಡಕ್ಕೆ ತುಂಬಿದ ಕೆರೆ. ಅಪ್ಪ ಏನೂ ಮಾತಾಡದೆ ಬಲಗಾಲ ಚಪ್ಪಲಿಯನ್ನು ಮೊದಲು ಟೈರಿಗೆ ಒತ್ತಿದ. ಅದು ಕಿತ್ತುಹೋದಾಗ ಬರಿಗಾಲನ್ನೇ ನೆಲಕ್ಕೆ ಊರಿ ಎಳೆದ. ಏರಿಯ ಕೊನೆಯಲ್ಲಿ ಸೈಕಲ್ಲು ನಿಂತಿತು. ನಾನು ಇಳಿದು ಚಪ್ಪಲಿ ಹುಡುಕಿ ತಂದುಕೊಟ್ಟೆ. ಆ ಹೆಬ್ಬೆರಳಿನ ಉಗುರು ಕೊನೆಯವರೆಗೂ ನೆಟ್ಟಗೆ ಬೆಳೆಯಲಿಲ್ಲ. ಜೋಗಿಮಟ್ಟಿಯಲ್ಲಿ ನಾನು ಹಾಕಿಕೊಂಡಿದ್ದದ್ದು ಸೈಕಲ್ಲಿಗೆಂದೇ ಕೊಂಡ, ಅಟ್ಟೆ ಹಲಗೆಯಷ್ಟು ಗಟ್ಟಿಯಾದ ಶೂ. ಅದನ್ನು ಊರುವ ಯೋಚನೆಯೂ ನನಗೆ ಬಂದಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ, “ಹೊಸದುರ್ಗದ ಲಿವರು ನಮ್ಮ ಕ್ಯಾಲಿಪರಿಗೆ ಹೊಂದಲಿಲ್ಲ” ಎಂದೆ. ಅರಿಶಿನ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ, “ನಮ್ಮ ತವರಿಂದ ಬಂದದ್ದು ನಿಮ್ಮನೇಲಿ ಯಾವುದು ಹೊಂದಿದೆ ಹೇಳ್ರಿ” ಅಂದಳು. ಮಾತು ಸೈಕಲ್ಲು ಬಿಟ್ಟು 1996ಕ್ಕೆ ಹೋಯಿತು.

ಬೆಂಗಳೂರಿನ ಅಕ್ಕನ ಮಗ ಫೋನಿನಲ್ಲಿ ಒಂದು ಗಂಟೆ ಕೊರೆದ. “ಮಾಮ, ಎಲ್ಲಾ ಒಂದೇ ಕಂಪನಿದು ಇರ್ಬೇಕು” ಎನ್ನುತ್ತಾನೆ, ಒಂದೇ ಕುಲದವರು ಇರಬೇಕು ಎಂಬ ಗತ್ತಿನಲ್ಲಿ. ಹಾಗಾದರೆ ಒಂದೇ ಕಂಪನಿಯದು ತಂದರೆ ಸಾಕಾ? ಸಾಲದಂತೆ. 1921ರಿಂದ ನಡೆಯುತ್ತಿರುವ ಶಿಮಾನೊ ತನ್ನದೇ ಲಿವರುಗಳ ಎಳೆತವನ್ನು ನಡುವೆ ಬದಲಾಯಿಸಿದೆ, ಹಳೆಯದು ಹೊಸದರ ಜೊತೆ ಸರಿಯಾಗಿ ಬಾಳುವುದಿಲ್ಲ. ಇಟಲಿಯ ಕಂಪಾನ್ಯೊಲೊದಲ್ಲಿ ಕೇಬಲ್ಲಿನ ತುದಿಯ ಗುಂಡೇ ಒಂದು ಕೂದಲು ಚಿಕ್ಕದು. ಅದು ಶುರುವಾದದ್ದೂ 1933ರಲ್ಲಿ, ನಮ್ಮ ಕೋಡಿ ಬಿದ್ದ ವರ್ಷ! ಡಿಸ್ಕ್ ಬ್ರೇಕಿಗೆ ಹೋದರೆ ಶಿಮಾನೊಗೆ ಮಿನರಲ್ ಆಯಿಲ್ಲು, ಸ್ರಾಮ್ ಕಂಪನಿಯ ರೋಡ್ ಬ್ರೇಕಿಗೆ ಡಾಟ್ ದ್ರವ. ಅದಲು ಬದಲಾದರೆ ಒಳಗಿನ ರಬ್ಬರು ಕೆಟ್ಟು ಕೂರುತ್ತದೆ. ಎಣ್ಣೆಯೆಂದರೆ ಚಳ್ಳಕೆರೆ ಎಂದಷ್ಟೇ ತಿಳಿದ ಜಿಲ್ಲೆಯವನಿಗೆ ಇದೆಲ್ಲ ಯಾಕೆ ಬೇಕಿತ್ತು? ಒನಕೆ ಓಬವ್ವ ಒಂದು ದಂಡನ್ನೇ ಕಿಂಡಿಯಲ್ಲಿ ತಡೆದಳು, ಒನಕೆ ಯಾವ ಕಂಪನಿಯದೆಂದು ನೋಡಿದಳೇ?

ಕೊನೆಗೆ ಕ್ಯಾಲಿಪರಿಗೆಂದೇ ಮಾಡಿದ, ಕಡಿಮೆ ಎಳೆಯುವ ಲಿವರು ಕೊರಿಯರಿನಲ್ಲಿ ಬಂತು. ಅಂಗಡಿಯ ಹುಡುಗ ಹಾಕಿ, ಹಿಸುಕಿ, ಮುಖ ಹುಳ್ಳಗೆ ಮಾಡಿದ. “ಮೆತ್ತಗಿದೆ ಸಾರ್. ಮೊದಲಿನದೇ ಚೆನ್ನಾಗಿತ್ತು.” ಪಕ್ಕದ ಅಂಗಡಿಯವರೂ ಹಿಸುಕಿ ತಲೆ ಆಡಿಸಿದರು.

ಮರುದಿನ ಜೋಗಿಮಟ್ಟಿ ರಸ್ತೆಯಲ್ಲಿ ಅದೇ ಮಂಕಿ ಕ್ಯಾಪು ಕಂಡಿತು. ಎರಡು ಬೆರಳಲ್ಲಿ ಒತ್ತಿದೆ. ಸೈಕಲ್ಲು ಮೇಷ್ಟ್ರ ಕಾಲ ಬಳಿ ನಾಯಿಮರಿಯ ಹಾಗೆ ನಿಂತಿತು. “ಮಗಳಿಗೆ ಗಂಡು ನೋಡ್ತಾ ಇದೀವಿ ಮೇಷ್ಟ್ರೇ” ಎಂದು ಅವರು ಕೇಳುವ ಮೊದಲೇ ಹೇಳಿದೆ. ಅವರು ಕೋಲನ್ನು ನನ್ನ ಮುಂದಿನ ಚಕ್ರಕ್ಕೆ ಆನಿಸಿ, ಮಂಕಿ ಕ್ಯಾಪು ಬಿಚ್ಚಿ, ಹಾಸನದಲ್ಲಿ ತಮ್ಮ ಷಡ್ಡಕನ ಮೊಮ್ಮಗ ಒಬ್ಬನಿದ್ದಾನೆ ಎಂದು ಆರಂಭಿಸಿದರು. ಮುಕ್ಕಾಲು ಗಂಟೆಯಾಯಿತು, ಇನ್ನೂ ಆ ಹುಡುಗನ ಹತ್ತನೇ ತರಗತಿಯ ಅಂಕಗಳಲ್ಲೇ ಇದ್ದರು. ನಾನು ಲಿವರು ಬಿಟ್ಟೆ. ಸೈಕಲ್ಲು ಅಲುಗಲಿಲ್ಲ, ಕೋಲು ಅಡ್ಡ ಇತ್ತು.