ಸೊನ್ನೆ ಟ್ಯಾಕ್ಸಿನ ಭಾವ

ಕರಾವಳಿಯ ಹೆಚ್ಚಿನ ಕುಟುಂಬಗಳಲ್ಲಿ ಒಬ್ಬ ದುಬೈ ಭಾವ ಇರುತ್ತಾನೆ. ಕುಂದಾಪುರ ಕಡೆಯ ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ ಅವನ ಗುರುತು ಸಿಗುತ್ತದೆ: ಅತ್ತರಿನ ಘಮ, ಎರಡು ಫೋನು, ‘ನಮ್ಮಲ್ಲಿ ಟ್ಯಾಕ್ಸೇ ಇಲ್ಲ ಮಾರಾಯ’ ಎಂಬ ಮಾತು. ಹಿಂದೆಯೇ ವಿಚಾರಣೆ: ‘ನಿಂದು ಎಷ್ಟು ಹೋಗ್ತದೆ?’

ಈ ಲೇಖಕನ ಪಾಲಿನವರು ದುಬೈಯ ಕರಾಮಾದಲ್ಲಿರುವ ಅಕ್ಕನ ಗಂಡ. 2025ರ ಬಜೆಟ್ಟಿನ ನಂತರ ವರ್ಷಕ್ಕೆ 12 ಲಕ್ಷದವರೆಗಿನ ಸಂಬಳದವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬೀಳುವುದಿಲ್ಲ; ಲೇಖಕ ಆ ಗೆರೆಯ ಎಷ್ಟೋ ಕೆಳಗಿನವನು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, ‘ತುಂಬಾ ಹೋಗ್ತದೆ ಭಾವ’ ಎಂದು ನಿಟ್ಟುಸಿರು ಬಿಡುತ್ತಾನೆ. ಭಾವನ ಮುಖ ಅರಳುತ್ತದೆ.

ಭಾವ ಹೇಳುವುದು ಸುಳ್ಳಲ್ಲ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೆ 2018ರ ಜನವರಿಯಿಂದ ಶೇ 5ರ ವ್ಯಾಟ್ ಇದೆ. ಮನೆ ಬಾಡಿಗೆಗೆ ವರ್ಷದ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಆ ಬಾಡಿಗೆಯ ಶೇ 5ರಷ್ಟನ್ನು ದುಬೈ ಪಾಲಿಕೆ ತಿಂಗಳ ಕಂತು ಮಾಡಿ ಕರೆಂಟು-ನೀರಿನ ಬಿಲ್ಲಿಗೆ ಸೇರಿಸುತ್ತದೆ.

‘ಇದು ಟ್ಯಾಕ್ಸ್ ಅಲ್ವಾ ಭಾವ?’

‘ಛೆ, ಅದು ಫೀಸು!’

ಆದರೆ ಸಾಲಿಕ್ ಅಂದರೆ ಮಾತ್ರ ಅವರಿಗೆ ತಡೆಯುವುದಿಲ್ಲ. ದುಬೈ ರಸ್ತೆಯ ಸುಂಕದ ಗೇಟು ಅದು. 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿಗೆ 6 ದಿರ್ಹಮ್, ಉಳಿದಂತೆ 4, ರಾತ್ರಿ 1ರಿಂದ ಬೆಳಗಿನ 6ರವರೆಗೆ ಪುಕ್ಕಟೆ. ಒಮ್ಮೆ ಮಂಗಳೂರಿನಿಂದ ದುಬೈಗೆ ಬಂದಿಳಿದ ಲೇಖಕ ರಾತ್ರಿ ಹನ್ನೆರಡೂಕಾಲಿಗೆ ಪೆಟ್ಟಿಗೆ ಎಳೆದುಕೊಂಡು ಹೊರಬಂದರೆ, ಭಾವ ಗಡಿಯಾರ ನೋಡಿ ‘ಚಾ ಕುಡಿಯುವ’ ಅಂದರು. ಚಾ ಮುಗಿಯಿತು. ಊರಿನ ಅಡಿಕೆ ರೇಟು, ಅತ್ತೆಯ ಮಂಡಿನೋವು ಎಲ್ಲ ಮುಗಿಯಿತು. ಭಾವ ಏಳಲಿಲ್ಲ. ಗಂಟೆ ಒಂದು ದಾಟಿದ ಮೇಲೆ ಗರ್‌ಹೂದ್ ಸೇತುವೆಯ ಗೇಟಿನಡಿ ಕಾರು ನುಗ್ಗಿಸಿ, ‘ಫ್ರೀ!’ ಎಂದು ಸ್ಟಿಯರಿಂಗ್ ತಟ್ಟಿದರು. ಎರಡು ಚಾ ಮತ್ತು ಪಾರ್ಕಿಂಗ್ ಸೇರಿದರೆ ಉಳಿಸಿದ 4 ದಿರ್ಹಮಿನ ಎಷ್ಟು ಪಟ್ಟಾಯಿತೆಂದು ಹಿಂದಿನ ಸೀಟಿನಲ್ಲಿದ್ದ ಅಕ್ಕ ಹೇಳಲಿಲ್ಲ. ಬಹುಶಃ ಹೇಳಿ ಹೇಳಿ ಸುಸ್ತಾಗಿರಬೇಕು.

ಹಾಗಂತ ಜಿಪುಣರೇನಲ್ಲ. ತಂಗಿಯ ಮದುವೆ, ಊರಿನ ಭಜನಾ ಮಂದಿರದ ಹಂಚು, ಲೇಖಕನ ಕಾಲೇಜು ಫೀಸು ಎಲ್ಲ ಆ ಲೆಕ್ಕಾಚಾರದಲ್ಲೇ ಉಳಿದ ದುಡ್ಡು.

ಹೊರಡುವ ಸಂಜೆ ವಿಮಾನ ನಿಲ್ದಾಣದ ದಾರಿಯಲ್ಲಿ ಭಾವ ಇದ್ದಕ್ಕಿದ್ದಂತೆ ಕೇಳಿದರು, ‘ನಿನಗೆ ಪೆನ್ಶನ್ ಬರ್ತದಾ?’ ಅವರಿಗೆ ಬರುವುದು ಗ್ರಾಚ್ಯುಟಿ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ವೀಸಾ ನಿಂತಿರುವುದು ಕೆಲಸದ ಮೇಲೆ. ಕರಾಮಾದಲ್ಲೇ ಬೆಳೆದ ಮಗ ಊರಿಗೆ ಬಂದರೆ ನಾಲ್ಕೇ ದಿನಕ್ಕೆ ‘ಯಾವಾಗ ಮನೆಗೆ ಹೋಗುವುದು’ ಅನ್ನುತ್ತಾನಂತೆ. ಊರಲ್ಲಿ ಕಟ್ಟಿಸಿದ ಮನೆಯ ಮಾಡು ಈ ಮಳೆಗಾಲ ಸೋರಿತಾ ಎಂದು ವಿಚಾರಿಸುತ್ತಾ ಭಾವ ಸೇತುವೆ ಹತ್ತಿದರು. ಗೇಟು ತಲೆಯ ಮೇಲೆ ಹಾದುಹೋಯಿತು. ಗಂಟೆ ಆರೂವರೆ, 6 ದಿರ್ಹಮ್.

ಭಾವನಿಗೆ ಗೊತ್ತಾಗಲಿಲ್ಲ. ಲೇಖಕನೂ ಹೇಳಲಿಲ್ಲ.